ನಡುವೆ ಸಾ ಬದಲಿಸುವ ಹಾಡು

ಗದುಗಿನಲ್ಲಿ ಆಗ ಗಿಟಾರು ಬಾರಿಸುವವರು ಮೂವರಿದ್ದರು. ನಾಲ್ಕನೆಯವರೊಬ್ಬರಿದ್ದರು ಎಂದು ಯಾರಾದರೂ ಸಾಧಿಸಿದರೆ ಒಪ್ಪಿಕೊಳ್ಳಲು ನನ್ನದೇನೂ ಅಡ್ಡಿಯಿಲ್ಲ. ಆದರೆ ಸಾಧಿಸಬೇಕು, ಬರೀ ಹೇಳಿದರೆ ನಡೆಯದು. ಒಬ್ಬರು ರೈಲ್ವೆಯ ಗಾರ್ಡ್ ಸಾಹೇಬರು, ಆಂಗ್ಲೋ ಇಂಡಿಯನ್. ಸ್ವಾತಂತ್ರ್ಯ ಬಂದ ಮೇಲೆ ಅವರ ಅಣ್ಣತಮ್ಮಂದಿರೆಲ್ಲ ಹಡಗು ಹತ್ತಿದರು. ಇವರು ಮಾತ್ರ ಹುಬ್ಬಳ್ಳಿ ಗುಂತಕಲ್ಲಿನ ಗಾಡಿಯನ್ನೇ ಹತ್ತಿ ಇಳಿಯುತ್ತ ಇಲ್ಲೇ ಉಳಿದಿದ್ದರು. ಇನ್ನೊಬ್ಬರು ಬೆಟಗೇರಿಯ ಶಾಲೆಯೊಂದರ ಡ್ರಾಯಿಂಗ್ ಮಾಸ್ತರು. ಕ್ರಿಶ್ಚಿಯನ್ನರು, ರವಿವಾರದ ಪ್ರಾರ್ಥನೆಗೆ ಗಿಟಾರು ಬಾರಿಸುತ್ತಿದ್ದರು. ಮೂರನೆಯವನು ನನ್ನ ಅಣ್ಣ. ರೈತರ ಹತ್ತಿಯನ್ನು ದಲಾಲಿಗೆ ಮಾರಿಕೊಡುವ ಅಪ್ಪನ ಅಡತಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂಡುವವನು.

ನಾನು ಏನನ್ನೂ ಬಾರಿಸುತ್ತಿರಲಿಲ್ಲ. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ, ಚರ್ಚಾಕೂಟಗಳಲ್ಲಿ ಮಾತಾಡುತ್ತಿದ್ದೆ, ಶನಿವಾರದ ಗಾಡಿಗೆ ಊರಿಗೆ ಬರುತ್ತಿದ್ದೆ. ಚರ್ಚಾಕೂಟದಲ್ಲಿ ವಿಷಯ ಮೊದಲೇ ಗೊತ್ತಿರುತ್ತದೆ; ಯಾವ ಪಕ್ಷ ಎನ್ನುವುದು ಚೀಟಿ ಎತ್ತಿದ ಮೇಲೆ. ಹೀಗಾಗಿ ಕರ್ನಾಟಕದ ಏಕೀಕರಣವನ್ನು ನಾನು ಮುಂಡರಗಿಯ ಬಯಲಿನಲ್ಲಿ ನಿಂತು ಬೇಡಿದ್ದೇನೆ, ಕಾಲೇಜಿನ ಹಾಲಿನಲ್ಲಿ ನಿಂತು ಖಂಡಿಸಿದ್ದೇನೆ. ಎರಡೂ ಕಡೆ ಚಪ್ಪಾಳೆ ಬಿತ್ತು. ಮುಂಡರಗಿಯಲ್ಲಿ ಜಾಸ್ತಿ ಬಿತ್ತು, ಯಾಕೆಂದರೆ ಅಲ್ಲಿ ಜನರೂ ಜಾಸ್ತಿ. ಈಗ ಏಕೀಕರಣವಾಗಿ ಹೋಗಿದೆ. ಅದರಲ್ಲಿ ನನ್ನ ಭಾಷಣದ ಪಾಲೆಷ್ಟು ಎಂದು ಈವರೆಗೆ ಯಾರೂ ಕೇಳಿಲ್ಲ. ನಾನು ಹೇಳುವುದು ಅದಕ್ಕಿಂತ ಸ್ವಲ್ಪ ಹಿಂದಿನ ಮಾತು.

ಅಣ್ಣನ ಗಿಟಾರು ಮೂಲತಃ ಗಾರ್ಡ್ ಸಾಹೇಬರದು. ಒಂದು ಬೇಸಿಗೆಯಲ್ಲಿ ಅದರ ಕುತ್ತಿಗೆ ಬಾಗಿ, ತಂತಿಗಳು ಬೆರಳಿನಿಂದ ಒತ್ತಲಾಗದಷ್ಟು ಮೇಲೆದ್ದು ನಿಂತವು. ಸಾಹೇಬರು ಅದನ್ನು ಒಗೆಯುವ ಬದಲು ಅಣ್ಣನಿಗೆ ಕೊಟ್ಟರು. ಅಣ್ಣ ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಯ ಮೇಲೆ ಒಂದು ಉಕ್ಕಿನ ತುಂಡನ್ನು ಜಾರಿಸುತ್ತ ಬಾರಿಸಲು ಕಲಿತ. ಹವಾಯಿ ದ್ವೀಪದವರು ಹೀಗೇ ಬಾರಿಸುತ್ತಾರಂತೆ. ಅವರ ಗಿಟಾರುಗಳೂ ಬಿಸಿಲಿಗೆ ಬಾಗಿದ್ದವೋ ಏನೋ, ಗೊತ್ತಿಲ್ಲ.

ಅಪ್ಪನಿಗೆ ಸಂಗೀತದ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾದ ಸುಲಭವಾಗುತ್ತಿತ್ತು. ಗದುಗಿಗೆ ಯಾವ ಗವಾಯಿ ಬಂದರೂ ಅಪ್ಪ ಮುಂದಿನ ಸಾಲಿನಲ್ಲಿ ಕೂಡುವವರು. ಮಧ್ಯಾಹ್ನ ಯಮನ್ ರಾಗ ಹಾಡಿದ ಒಬ್ಬ ಗವಾಯಿಯನ್ನು ಊಟಕ್ಕೆ ಕರೆಯದೆ ಕಳಿಸಿದ್ದರೆಂಬ ಕೀರ್ತಿಯೂ ಅವರಿಗಿತ್ತು. ರಾಗಕ್ಕೆ ಹೊತ್ತು ಇದೆ, ಹೊತ್ತು ತಪ್ಪಿ ಹಾಡಿದರೆ ದೀಪ ಹಚ್ಚಿದ ಮೇಲೆ ಕಸ ಗುಡಿಸಿದ ಹಾಗೆ ಎನ್ನುವುದು ಅವರ ನಿಲುವು. ಇದಕ್ಕೆ ಆಧಾರವೇನೆಂದು ನಾನು ಕೇಳಿದ್ದೇನೆ. 'ಕಿವಿ' ಎಂದರು. ಅದು ಆಧಾರವಲ್ಲ ಎಂದೆ. 'ನಿನಗ ಇಲ್ಲ ಬಿಡು' ಎಂದರು.

ತೊಂದರೆ ಹುಟ್ಟಿದ್ದು ಅಂಗಡಿಯಲ್ಲಿ. ಹತ್ತಿಯ ಎಳೆ ಎಷ್ಟು ಉದ್ದವೆಂದು ನೋಡಲು ಅಡತಿಯವರು ಒಂದು ಚಿಟಿಕೆ ಅರಳೆಯನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಅಣ್ಣ ಎಳೆಯುವಾಗ ಅವನ ಎಡಗೈ ತನ್ನಷ್ಟಕ್ಕೆ ನಡುಗುತ್ತಿತ್ತು, ತಂತಿಯ ಮೇಲೆ ಉಕ್ಕು ನಡುಗಿಸಿದ ಹಾಗೆ. ಶಿರಹಟ್ಟಿ ಕಡೆಯ ಒಬ್ಬ ರೈತ ಎಲ್ಲರೆದುರು, 'ಅಣ್ಣಾರ, ನಮ್ಮ ಅರಳಿ ಎಳೀರಿ, ಬಾರಸಬ್ಯಾಡ್ರಿ' ಎಂದುಬಿಟ್ಟ. ಅಂಗಡಿ ನಕ್ಕಿತು. ಅದೇ ವಾರ ಲಕ್ಷ್ಮೇಶ್ವರದಿಂದ, ಅಣ್ಣನಿಗೆ ನೋಡಿದ್ದ ಹೆಣ್ಣಿನ ಕಡೆಯಿಂದ, ಒಂದು ಮಾತು ಬಂತು: 'ಹುಡುಗ ಮದುವಿ ಬ್ಯಾಂಡಿನಾಗ ಬಾರಸ್ತಾನಂತ, ಖರೆ ಏನು?'

ಅಪ್ಪ ಆ ದಿನ ಮನೆಗೆ ಬಂದು ರುಮಾಲು ತೆಗೆಯುವ ಮೊದಲೇ ಅಣ್ಣನನ್ನು ಕರೆದರು.

'ಆ ಡಬ್ಬಿಯೊಳಗ ಸಂಗೀತ ಐತೇನು?'

'ಐತ್ರಿ ಅಪ್ಪಾರ.'

'ಹಂಗಾರ ಒಂದು ಹಾಡು ಬಾರಿಸು. ನಿನಗ ಯಾವುದು ಎಲ್ಲಾದಕ್ಕಿಂತ ಛಲೋ ಅನಿಸ್ತೈತೋ ಅದನ್ನ. ಮುಂದಿನ ತಿಂಗಳ ಒಂದು ರವಿವಾರ ನಾ ಕುಂತು ಕೇಳ್ತೀನಿ. ಹಾಡು ಮುಗಿಯೂದ್ರೊಳಗ ನಾ ಎದ್ದೆ ಅಂದ್ರ, ಅದು ಸಾಹೇಬನ ಮನಿಗೆ ತಿರುಗಿ ಹೋಗತೈತಿ, ನೀ ಮತ್ತ ಮುಟ್ಟೂ ಹಂಗಿಲ್ಲ. ಏಳಲಿಲ್ಲಂದ್ರ ಇರಲಿ, ಲಕ್ಷ್ಮೇಶ್ವರದಾವ್ರಿಗೆ ನಾ ಜವಾಬು ಕೊಡ್ತೀನಿ. ಆತು?'

'ಆತ್ರಿ.'

ಅಡತಿ ಬಜಾರದಲ್ಲಿ ಎರಡೂ ಕಡೆ 'ಆತು' ಅಂದ ಮೇಲೆ ಮುಗಿಯಿತು. ಮಳೆ ಬಂದರೂ, ದರ ಬಿದ್ದರೂ ಮಾತು ತಿರುಗುವುದಿಲ್ಲ. ಇಬ್ಬರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಏಳುವುದು ಎಂದರೇನು ಎಂಬುದನ್ನು ಮೊದಲೇ ಬಿಡಿಸಿ ಹೇಳಿಸುತ್ತಿದ್ದೆ.

ಅಣ್ಣ ಒಂದು ಭಜನೆಯನ್ನೋ ಒಂದು ತತ್ವಪದವನ್ನೋ ಬಾರಿಸಿದ್ದರೆ ಅಪ್ಪ ಕಣ್ಣು ಮುಚ್ಚಿ ಕೂತು ಕೇಳಿ, ಗಿಟಾರು ಮನೆಯಲ್ಲಿ ಉಳಿಯುತ್ತಿತ್ತು. ಇದನ್ನು ನಾನು ಅವನಿಗೆ ಮೂರು ಬೇರೆ ಬೇರೆ ರೀತಿಯಲ್ಲಿ ವಾದಿಸಿ ತೋರಿಸಿದೆ. ಅವನು ಮೂರನ್ನೂ ಕೇಳಿ, 'ಎಲ್ಲಾದಕ್ಕಿಂತ ಛಲೋ ಅನಿಸಿದ್ದು ಅಂದಾರ. ಭಜನಿ ಬಾರಿಸಿದ್ರ ಸುಳ್ಳ ಹೇಳಿದಂಗ ಆಗ್ತೈತಿ. ನಾ ಆ ಹಾಡಽ ಬಾರಸಾಂವ' ಎಂದ.

ಆ ಹಾಡು ಎಂದರೆ ಗಾರ್ಡ್ ಸಾಹೇಬರ ಗ್ರಾಮೋಫೋನಿನ ಮೇಲೆ ತಿರುಗುತ್ತಿದ್ದ ಒಂದು ಜಾಝ್ ಹಾಡು. ಜಾಝ್ ಅಂದರೆ ಕುಣಿತ ಎಂದು ಊರಲ್ಲಿ ತಿಳಿದಿದ್ದರು. ಇದಕ್ಕೆ ಕುಣಿಯಬೇಕಾದರೆ ಕಾಲು ಹಿಡಿದಿರಬೇಕು, ಅಷ್ಟು ನಿಧಾನ. ರೆಕಾರ್ಡಿನ ಮೇಲಿನ ಕಾಗದ ಸವೆದು ಹೆಸರು ಹೋಗಿತ್ತು. ಸಾಹೇಬರನ್ನು ಕೇಳಿದರೆ ಪ್ರತಿಸಲ ಬೇರೆ ಹೆಸರು ಹೇಳುತ್ತಿದ್ದರು. ಮೊದಲ ಭಾಗ ಯಾರೋ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸಿದಂತಿತ್ತು. ಆಮೇಲೆ ನಡುಭಾಗ ಬರುತ್ತದೆ. ಅಲ್ಲೇ ಎಲ್ಲ ಜಗಳ.

ನಮ್ಮ ಕಡೆ ಸಂಗೀತಕ್ಕೆ ಸಾ ಎಂದರೆ ಮನೆ. ಗವಾಯಿ ಎಷ್ಟೇ ದೂರ ತಿರುಗಲಿ, ಹಿಂದೆ ತಂಬೂರಿಯೋ ಶ್ರುತಿಪೆಟ್ಟಿಗೆಯೋ ಸಾ ಹೇಳುತ್ತಲೇ ಇರುತ್ತದೆ, ಮನೆಯಲ್ಲಿ ದೀಪ ಇಟ್ಟ ಹಾಗೆ. ಈ ಹಾಡು ನಡುಭಾಗಕ್ಕೆ ಬಂದಕೂಡಲೇ ಸಾ ಅನ್ನೇ ಕಿತ್ತು ಬೇರೆ ಕಡೆ ನೆಡುತ್ತದೆ. ಮನೆ ಬಿಟ್ಟು ಹೋಗುವುದಲ್ಲ. ಮನೆಯೇ ಎದ್ದು ಹೋಗುವುದು. ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಮೊದಲಿನ ಜಾಗಕ್ಕೆ ಬಂದು ಕೂಡುತ್ತದೆ.

ರವಿವಾರಗಳಲ್ಲಿ, ಪ್ರಾರ್ಥನೆ ಮುಗಿದ ಮೇಲೆ, ಮೂವರೂ ಬೆಟಗೇರಿಯಲ್ಲಿ ಮಾಸ್ತರರ ಮನೆಯ ಮುಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರೂ ತಮ್ಮ ರೀತಿಯಲ್ಲಿ ಆ ಹಾಡನ್ನು ಬಾರಿಸುವುದು, ಉಳಿದಿಬ್ಬರು ಅದು ಯಾಕೆ ತಪ್ಪು ಎಂದು ಹೇಳುವುದು. ಅಪ್ಪನ ಕರಾರಾದ ಮೇಲೆ ಆ ಕೂಟಕ್ಕೆ ಒಂದು ಉದ್ದೇಶ ಬಂತು: ಇದನ್ನು ಹೇಗೆ ಬಾರಿಸಿದರೆ ಅಪ್ಪ ಏಳುವುದಿಲ್ಲ? ನಾನು ಶ್ರುತಿಪೆಟ್ಟಿಗೆ ಹೊತ್ತುಕೊಂಡು ಹೋಗಿ ಅದಕ್ಕೆ ಗಾಳಿ ಹಾಕುತ್ತಿದ್ದೆ. ಅದು ವಾದ್ಯ ಬಾರಿಸುವುದೆಂದು ಲೆಕ್ಕವಿಲ್ಲ.

ಗಾರ್ಡ್ ಸಾಹೇಬರು ಕನ್ನಡ ಕಲಿತಿದ್ದು ಹಳಿಯ ಮೇಲೆ ಕೆಲಸ ಮಾಡುವ ಆಳುಗಳಿಂದ. ಆದ್ದರಿಂದ ಅವರ ಕನ್ನಡದಲ್ಲಿ 'ನೀವು' ಎಂಬುದೇ ಇರಲಿಲ್ಲ. ಸ್ಟೇಶನ್ ಮಾಸ್ತರಿಗೂ 'ನೀ', ಕಲೆಕ್ಟರಿಗೂ 'ನೀ', ಸಾಯಂಕಾಲ ದೇವರ ಪ್ರಾರ್ಥನೆ ಮಾಡಿದರೆ ಅವನಿಗೂ 'ನೀ'. ಅವರು ಗಿಟಾರಿನಲ್ಲಿ ನಾಲ್ಕೈದು ಸ್ವರಗಳನ್ನು ಒಟ್ಟಿಗೆ ಒತ್ತಿ ಎಬ್ಬಿಸುವ ನಾದವನ್ನು, ಅಂದರೆ ಕಾರ್ಡುಗಳನ್ನು, ಒಂದರ ಹಿಂದೊಂದು ಜೋಡಿಸುತ್ತಿದ್ದರು. ಹಾಡು ಎಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು.

'ಹಾಡು ಎಲ್ಲೈತ್ರಿ ಸಾಹೇಬ್ರ?' ಎಂದು ಮಾಸ್ತರು ಕೇಳಿದರು.

'ಅರೇ, ಹಾಡು ಮ್ಯಾಲ ನೋಡಬ್ಯಾಡ ನೀ. ಮ್ಯಾಲ ಇರೂದು ಪ್ಯಾಸೆಂಜರ. ಕೆಳಗ ನೋಡು, ಹಳಿ ನೋಡು. ಹಳಿ ತಿರುಗಿದ್ರ ಪ್ಯಾಸೆಂಜರ ತಾನಽ ತಿರುಗ್ತಾನ. ಅವ ಕೇಳೂದಿಲ್ಲ, ಯಾಕ ತಿರುಗಿಸಿದಿ ಅಂತ.'

'ಪ್ಯಾಸೆಂಜರ ಕೇಳೂದಿಲ್ಲ, ಖರೆ. ಇವರ ಅಪ್ಪಾರು ಕೇಳ್ತಾರ' ಎಂದರು ಮಾಸ್ತರು, ಅಣ್ಣನ ಕಡೆ ನೋಡಿ.

ಮಾಸ್ತರು ಬಾರಿಸುವಾಗ ನಡುಭಾಗ ಬಂತೆಂದೇ ತಿಳಿಯುತ್ತಿರಲಿಲ್ಲ. ಎಲ್ಲ ನೆಟ್ಟಗೆ, ಸಾಲಾಗಿ, ಕೈಕಟ್ಟಿ ನಿಂತಂತೆ ಹೋಗುತ್ತಿತ್ತು. ಮೊದಮೊದಲು ನನಗೆ ಅದೇ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸಿತು. ಆಮೇಲೆ ಕಾರಣ ಗೊತ್ತಾಯಿತು.

'ಇಲ್ಲಿ ಬಾರಿಸಿದಾಂವ ತಪ್ಪ್ಯಾನ' ಎಂದರು ಮಾಸ್ತರು, ಗ್ರಾಮೋಫೋನಿನ ಕಡೆ ಕೈ ಮಾಡಿ. 'ಸಾ ಬಿಟ್ಟು ಹೋಗ್ಯಾನ. ನಾ ತಿದ್ದೇನಿ.'

'ರೆಕಾರ್ಡ್ ತಿದ್ದಿದೇನು ನೀ?'

'ತಪ್ಪಿದ್ದನ್ನ ತಿದ್ದೂದಽ ನಮ್ಮ ಕಸಬ್ರಿ. ಹುಡುಗ್ರು ಕುದರಿಗೆ ಐದು ಕಾಲ ತಗದ್ರ ಬಿಡತೀನೇನು?'

'ಅದು ಊರು ತಿರುಗೂ ಹಾಡು. ನೀ ಅದನ್ನ ಚರ್ಚಿಗೆ ಕರಕೊಂಡ ಹೋಗಿ ಬೆಂಚಿನ ಮ್ಯಾಲ ಕೂಡಿಸಿದಿ.'

'ಕುಂಡ್ರಲಿ ಬಿಡ್ರಿ. ಕುಂತ್ರ ಯಾರಿಗೇನು ನಷ್ಟ?'

'ಅದು ಕುಂಡ್ರೂ ಹಾಡಲ್ಲೋ ಮಾರಾಯಾ!'

ಅಣ್ಣ ಬಾರಿಸಿದ್ದು ಇವೆರಡೂ ಅಲ್ಲ. ಅವನಿಗೆ ಕಾರ್ಡು ಒತ್ತಲು ಬರುವಂತೆಯೇ ಇರಲಿಲ್ಲ, ಬಾಗಿದ ಕುತ್ತಿಗೆ. ಒಂದು ಸ್ವರದಿಂದ ಇನ್ನೊಂದಕ್ಕೆ ಉಕ್ಕನ್ನು ಜಾರಿಸಿ, ನಡುವಿನ ದಾರಿಯನ್ನೆಲ್ಲ ಕೇಳಿಸುತ್ತಿದ್ದ. ಹಿಂದೆ ನಾನು ಶ್ರುತಿಪೆಟ್ಟಿಗೆಯಲ್ಲಿ ಸಾ ಇಟ್ಟಿರುತ್ತಿದ್ದೆ. ಮೊದಲ ಭಾಗ ಹೀಗೆ ಬಾರಿಸಿದಾಗ ಗಾರ್ಡ್ ಸಾಹೇಬರು ಸಿಗರೇಟು ಕೈಯಲ್ಲಿ ಹಿಡಿದು ಹಚ್ಚುವುದನ್ನು ಮರೆತದ್ದನ್ನು ನಾನೇ ನೋಡಿದ್ದೇನೆ. ಆದರೆ ನಡುಭಾಗದಲ್ಲಿ ಪೆಟ್ಟಿಗೆ ಹಳೆಯ ಸಾ ಹೇಳುತ್ತಿತ್ತು, ಗಿಟಾರು ಹೊಸ ಸಾ ಹೇಳುತ್ತಿತ್ತು. ಮಾಸ್ತರರ ಹೆಂಡತಿ ಒಳಗಿನಿಂದ ಬಂದು, 'ಯಾರಿಗರ ಹೊಟ್ಟಿ ನೋಯಾಕತ್ತೈತೇನ್ರಿ?' ಎಂದು ಕೇಳಿದರು. ನಿಜವಾಗಿ ಓಂಕಾಳು ಹುಡುಕುವವರಂತೆ ಗೂಡಿನ ಕಡೆ ನೋಡಿದರು.

ಪೆಟ್ಟಿಗೆ ನಿಲ್ಲಿಸಿ ಬಾರಿಸಿದರೆ? ಅದನ್ನೂ ಮಾಡಿ ನೋಡಿದರು. ಅಣ್ಣನೇ ಒಪ್ಪಲಿಲ್ಲ. 'ನಡುವ ಶ್ರುತಿ ನಿಂತರ ಅಪ್ಪಾರು ಕಣ್ಣ ತಗೀತಾರ. ಕಣ್ಣ ತಗದ್ರ ಎದ್ದಂಗಽ.'

ಆಗ ನಾನು ಮಾತಾಡಿದೆ. ಲಕ್ಷ್ಮೇಶ್ವರ ನಮ್ಮ ಅವ್ವನ ತವರು. ಅಲ್ಲಿನ ಅಜ್ಜ ಹುಟ್ಟಿದ್ದು ಒಬ್ಬ ರಾಜನ ಸಂಸ್ಥಾನದಲ್ಲಿ. ಹತ್ತಿರದ ಶಿರಹಟ್ಟಿ ಇನ್ನೊಬ್ಬ ರಾಜನದು. ಅಜ್ಜ ಅಲ್ಲಿಯ ಮಠಕ್ಕೆ ಹೋಗಿಬಂದರೆ ಪರರಾಜ್ಯಕ್ಕೆ ಹೋಗಿಬಂದ ಹಾಗೆ. ಸ್ವಾತಂತ್ರ್ಯ ಬಂದು ಸಂಸ್ಥಾನಗಳು ಹೋದವು, ಅಜ್ಜ ಕಟ್ಟೆ ಬಿಟ್ಟು ಇಳಿಯದೆ ಮುಂಬಯಿ ಸರಕಾರದವನಾದ.

'ಅಜ್ಜ ಎಲ್ಲೂ ಹೋಗಿಲ್ಲ' ಎಂದೆ. 'ಕೆಳಗಿನ ಸರಕಾರ ಬದಲಾತು. ಈ ಹಾಡೂ ಹಂಗಽ. ಅದು ತಪ್ಪಿಲ್ಲ, ಓಡಿಹೋಗಿಲ್ಲ. ಕೆಳಗಿನ ಸಾ ಬದಲಾಗೈತಿ. ಹಂಗಂದ ಮ್ಯಾಲ ಶ್ರುತಿಪೆಟ್ಟಿಗಿಯಾಗೂ ಸಾ ಬದಲಸೂದಽ ನ್ಯಾಯ. ಒಂದು ಗುಂಡಿ ಒತ್ತತೀನಿ, ಇನ್ನೊಂದು ಎಳೀತೀನಿ. ಆತು.'

ಗಾರ್ಡ್ ಸಾಹೇಬರು ಸಿಗರೇಟಿನ ಬೂದಿ ಕೊಡವಿದರು. 'ನಿಮ್ಮ ಅಜ್ಜಗ ಯಾರರ ಹೇಳಿದ್ರೇನು, ರಾಜ ಹೋದ ಅಂತ?'

'ತಿಂಗಳಾದ ಮ್ಯಾಲ ತಿಳೀತ್ರಿ.'

'ನೋಡು. ಹಾಡಿನಾಗ ನಿನಗ ತಿಂಗಳು ಸಿಗೂದಿಲ್ಲ.'

ಅಣ್ಣನೂ ಅದನ್ನೇ ಬೇರೆ ರೀತಿಯಲ್ಲಿ ಹೇಳಿದ: ಯಾವ ಅಧಿಕಾರದಿಂದ ಸಾ ಬದಲಾಯಿತೆಂದು ಅಪ್ಪ ಕೇಳುತ್ತಾರೆ. ಹಾಡಿದವನು ಬದಲಿಸಿದ ಎಂದರೆ ನಡೆಯದು. ಹಾಡಿದವನಿಗಿಂತ ದೊಡ್ಡದು ಏನಾದರೂ ಬದಲಿಸಿರಬೇಕು.

ಕಡೆಗೆ ದಾರಿ ತೋರಿಸಿದ್ದು ಅಣ್ಣನ ಬಾಯಿಂದ ಬಿದ್ದ ಒಂದು ಮಾತು. ಮೊದಲ ಭಾಗದಲ್ಲಿ ತನಗೆ ಪಟದೀಪ ರಾಗದ ನೆರಳು ಕಾಣುತ್ತದೆ, ನಡುಭಾಗದಲ್ಲಿ, ಹೊಸ ಸಾ ಇಟ್ಟು ನೋಡಿದರೆ, ಯಮನ್‌ದ ವಾಸನೆ ಬರುತ್ತದೆ ಎಂದ. ಪೂರಾ ಅಲ್ಲ, ವಾಸನೆ ಅಷ್ಟೇ.

'ಪಟದೀಪ ಯಾವ ಹೊತ್ತಿಂದು?' ಎಂದು ಕೇಳಿದೆ.

'ಇಳಿಹೊತ್ತು. ದೀಪ ಹಚ್ಚೂದಕ್ಕ ಮುಂಚೆ.'

'ಯಮನ್?'

'ದೀಪ ಹಚ್ಚಿದ ಮ್ಯಾಲ.'

ಉಳಿದದ್ದನ್ನು ನಾನು ಹೇಳಬೇಕಾಗಲಿಲ್ಲ, ಆದರೂ ಹೇಳಿದೆ. ಹಾಡಿದವನಿಗಿಂತ ದೊಡ್ಡದು ಹೊತ್ತು. ಅಪ್ಪ ಯಾರ ಮಾತು ಕೇಳದಿದ್ದರೂ ಹೊತ್ತಿನ ಮಾತು ಕೇಳುತ್ತಾರೆ. ಇಳಿಹೊತ್ತಿನಲ್ಲಿ ಶುರು ಮಾಡಬೇಕು. ಮೊದಲ ಭಾಗ ಮುಗಿಯುವುದಕ್ಕೂ ಹೊತ್ತು ಮುಳುಗುವುದಕ್ಕೂ ಸರಿಹೋಗಬೇಕು. ನಡುಭಾಗ ದೀಪದ ಹೊತ್ತಿಗೆ ಸರಿಯಾಗಿ ಬರಬೇಕು. ಆಗ ಸಾ ಬದಲಾಗುವುದು ಅಪಚಾರವಲ್ಲ, ಆಚಾರ.

'ಪಂಚಾಂಗ ನೋಡಿ ಬಾರಿಸೂ ಇಂಗ್ಲಿಷ್ ಹಾಡು ಇದಽ ಮೊದಲನೇದು' ಎಂದರು ಮಾಸ್ತರು.

ಗಾರ್ಡ್ ಸಾಹೇಬರಿಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. 'ಟೈಮ್‌ಟೇಬಲ್' ಎಂದು ಕೋಟಿನ ಕಿಸೆಯಿಂದ ಗಡಿಯಾರ ತೆಗೆದರು. ಮುಂದಿನ ರವಿವಾರಗಳೆಲ್ಲ ಮಾಸ್ತರರ ಮನೆಯ ಮಾಳಿಗೆಯ ಮೇಲೆ ಕಳೆದವು. ಅಣ್ಣ ಬಾರಿಸುವುದು, ಸಾಹೇಬರು ಪಡುವಣ ದಿಕ್ಕನ್ನೂ ಗಡಿಯಾರವನ್ನೂ ನೋಡಿ, 'ಲೇಟ್ ಆದಿ, ಸ್ಪೀಡ್ ಕೊಡು' ಎನ್ನುವುದು, ಅಣ್ಣ ಕೊಡದಿರುವುದು. ಸೂರ್ಯನ ವಿಷಯದಲ್ಲಿ ಮಾತ್ರ ನಾಲ್ವರಿಗೂ ಒಮ್ಮತವಿತ್ತು.

ಗೊತ್ತು ಮಾಡಿದ ರವಿವಾರ ಬಂತು. ಸಾಹೇಬರೂ ಮಾಸ್ತರೂ ಗದುಗಿನ ನಮ್ಮ ಮನೆಗೆ ಬಂದರು. ಸಾಹೇಬರು ಬೂಟು ಕಳಚಿ, ಪಡಸಾಲೆಯ ಜಮಖಾನೆಯ ಮೇಲೆ ಬಹಳ ಕಷ್ಟದಿಂದ ಕಾಲು ಮಡಚಿ ಕೂತು, ಅಪ್ಪನಿಗೆ, 'ಏನಪಾ, ನೀ ಆರಾಮ ಅದಿ?' ಎಂದರು.

ಗದುಗಿನ ಬಜಾರದಲ್ಲಿ ಅಪ್ಪನನ್ನು ಏಕವಚನದಲ್ಲಿ ಕರೆಯುವವರು ಯಾರೂ ಬದುಕಿರಲಿಲ್ಲ. ಮಾಸ್ತರು ಜಮಖಾನೆಯ ಅಂಚಿನ ಎಳೆಗಳನ್ನು ನೋಡತೊಡಗಿದರು.

'ಆರಾಮ ಅದೇನಿ' ಎಂದರು ಅಪ್ಪ. 'ನೀ?'

'ಮೊಣಕಾಲು ಬ್ಯಾನಿ.'

'ನನಗೂ ಐತಿ. ಶುರು ಮಾಡ್ಲಿ.'

ಅಣ್ಣ ಶುರು ಮಾಡಿದ. ನಾನು ಪೆಟ್ಟಿಗೆಗೆ ಗಾಳಿ ಹಾಕುತ್ತ ಅಪ್ಪನ ಮುಖ ನೋಡುತ್ತಿದ್ದೆ. ಅವರು ಗೋಡೆಗೆ ಒರಗದೆ, ಕಣ್ಣು ಮುಚ್ಚಿ, ಎರಡೂ ಕೈ ಮಂಡಿಯ ಮೇಲಿಟ್ಟು ಕೂತಿದ್ದರು. ಮೊದಲ ಸಾಲಿಗೆ ಹುಬ್ಬು ಕೂಡಿತು. ಎರಡನೆಯದಕ್ಕೆ ಬಿಟ್ಟಿತು. ಒಂದು ಕಡೆ ಅಣ್ಣ ಕೆಳಗಿನ ಸ್ವರದಿಂದ ಮೇಲ್ಗಡೆಗೆ ಬಹಳ ಹೊತ್ತು ತೆಗೆದುಕೊಂಡು ಜಾರಿ ಬಂದ. ಅಪ್ಪನ ತಲೆ ಅರ್ಧ ತೂಗಿತು. ತೂಗಿದ್ದು ಅವರಿಗೇ ತಿಳಿದು ನಡುವೆ ನಿಲ್ಲಿಸಿದರು. ಕಿಟಕಿಯಿಂದ ಗೋಡೆಯ ಮೇಲೆ ಬಿದ್ದಿದ್ದ ಬೆಳಕು ಕೆಂಪಾಗಿ, ಮೇಲೆ ಮೇಲೆ ಹೋಗಿ, ತೊಲೆಯ ಹತ್ತಿರ ಆರಿತು. ಸಾಹೇಬರು ಅಂಗೈಯಲ್ಲಿ ಗಡಿಯಾರ ಹಿಡಿದು, ಹಸಿರು ನಿಶಾನೆ ತೋರಿಸುವವರ ಹಾಗೆ ನನ್ನ ಕಡೆ ಕತ್ತು ಅಲ್ಲಾಡಿಸಿದರು. ನಾನು ಒಂದು ಗುಂಡಿ ಒತ್ತಿ ಇನ್ನೊಂದು ಎಳೆದೆ. ಸಾ ಬದಲಾಯಿತು. ಅಣ್ಣ ನಡುಭಾಗಕ್ಕೆ ಕಾಲಿಟ್ಟ. ಅಪ್ಪ ಏಳಲಿಲ್ಲ. ಕಣ್ಣು ಸಹ ತೆಗೆಯಲಿಲ್ಲ. ಇಂಥ ಕರಾರುವಾಕ್ಕಾದ ಕೆಲಸವನ್ನು ನಾನು ಅದಕ್ಕೆ ಮುಂಚೆ ಎಲ್ಲೂ ನೋಡಿರಲಿಲ್ಲ.

ಅಷ್ಟರಲ್ಲಿ ಅವ್ವ ದೇವರ ಕೋಣೆಯಿಂದ ದೀಪ ತಂದಳು.

ನಮ್ಮ ಮನೆಯಲ್ಲಿ ಸಂಜೆಯ ದೀಪ ಪಡಸಾಲೆಗೆ ಬಂದಾಗ ಕೂತವರು ಏಳಬೇಕು, ಎದ್ದು ಕೈ ಮುಗಿಯಬೇಕು. ಕರೆಂಟು ಬಂದ ಮೇಲೂ ಅದು ತಪ್ಪಿಲ್ಲ. ಹುಟ್ಟಿದಂದಿನಿಂದ ದಿನಾ ಸಂಜೆ ಎದ್ದವರು ನಾವು. ದೀಪದ ಹೊತ್ತಿಗೆ ಸರಿಯಾಗಿ ನಡುಭಾಗ ಬರಬೇಕೆಂದು ವಾರಗಟ್ಟಲೆ ಸೂರ್ಯನನ್ನು ಅಳೆದ ನಮಗೆ, ದೀಪದ ಹೊತ್ತಿಗೆ ದೀಪ ಬರುತ್ತದೆ ಎಂಬುದು ಹೊಳೆದಿರಲಿಲ್ಲ. ದಿನದ ರೂಢಿಯಾಗಿರದಿದ್ದರೆ ನೆನಪಿರುತ್ತಿತ್ತು.

ಅಪ್ಪ ಎದ್ದರು. ಎದ್ದು ಕೈ ಮುಗಿದರು. ಮಾಸ್ತರೂ ಎದ್ದರು. ಸಾಹೇಬರು ಎಲ್ಲರೂ ಎದ್ದದ್ದನ್ನು ನೋಡಿ, ಗೋಡೆ ಹಿಡಿದು ಎದ್ದು, ರಾಷ್ಟ್ರಗೀತೆಗೆ ನಿಂತಂತೆ ನೆಟ್ಟಗೆ ನಿಂತರು. ನಾನೂ ಎದ್ದಿದ್ದೆ, ಯಾವಾಗ ಎದ್ದೆನೋ ನನಗೇ ಗೊತ್ತಾಗಲಿಲ್ಲ. ಗಾಳಿಯಿಲ್ಲದ ಪೆಟ್ಟಿಗೆ ನರಳಿ ನಿಂತಿತು. ಕೂತಿದ್ದವನು ಅಣ್ಣನೊಬ್ಬನೇ. ತೊಡೆಯ ಮೇಲೆ ಗಿಟಾರು ಮಲಗಿತ್ತು, ಏಳುವಂತಿರಲಿಲ್ಲ. ಎರಡೂ ಅಂಗೈಗಳ ನಡುವೆ ಉಕ್ಕಿನ ತುಂಡನ್ನು ಹಿಡಿದು, ಕೂತಲ್ಲೇ ದೀಪಕ್ಕೆ ಕೈ ಮುಗಿದ.

ಅವ್ವ ದೀಪವನ್ನು ಗೋಡೆಯ ಮಾಡದಲ್ಲಿಟ್ಟಳು. ತಿರುಗಿ ನೋಡಿದಳು.

'ಯಾಕ ನಿಲ್ಲಿಸಿದ್ರಿ?'

'ಅಪ್ಪಾರು ಎದ್ರು' ಎಂದ ಅಣ್ಣ. ಎಂದು, ಗಿಟಾರಿನ ಚೀಲಕ್ಕೆ ಕೈ ಹಾಕಿದ.

ನನ್ನ ಕಸುಬು ಇರುವುದೇ ಇಂಥ ಹೊತ್ತಿಗೆ. ಎದ್ದದ್ದು ಹಾಡಿಗಲ್ಲ, ದೀಪಕ್ಕೆ ಎಂದೆ. ಏಳುವುದು ಎಂದರೆ ಬೇಸತ್ತು ಏಳುವುದು ಎಂದು ಕರಾರಿನ ಅರ್ಥ ಎಂದೆ. ಹಾಡು ಕೇಳುವವನನ್ನು ಭೂಕಂಪ ಎಬ್ಬಿಸಿದರೆ ಹಾಡಿನ ತಪ್ಪೇನು ಎಂದೆ. ಅಪ್ಪ ನಿಂತೇ ಎಲ್ಲ ಕೇಳಿದರು.

'ನಾ ಯಾಕ ಏಳ್ತೀನಿ ಅಂತ ಹೇಳಿರಲಿಲ್ಲಪಾ. ಎದ್ದರ ಅಂತ ಹೇಳಿದ್ದೆ. ಹತ್ತಿ ತೋಯ್ದದ್ದು ಮಳಿಯಿಂದೋ ಕೆರಿಯಿಂದೋ ಅಂತ ಯಾರು ಕೇಳ್ತಾರ? ತೋಯ್ದಿತ್ತು, ಮುಗೀತು.'

'ಹಂಗಾದ್ರ ಕರಾರಿನ್ಯಾಗ...'

'ಏ, ಸಾಕ ಮಾಡ್ರಿ' ಎಂದಳು ಅವ್ವ. 'ದೀಪಕ್ಕ ಎದ್ದದ್ದನ್ನೂ ಲೆಕ್ಕಕ್ಕ ಹಿಡದ್ರ ಈ ಮನ್ಯಾಗ ಯಾರೂ ಯಾವ ಕೆಲಸಾನೂ ಮುಗಿಸಿಲ್ಲ. ನೀವು ಉಣ್ಣೂವಾಗ ದೀಪ ಬಂದ್ರ ಎದ್ದು ಮತ್ತ ಕುಂತು ಉಣ್ಣೂದಿಲ್ಲೇನು? ಅದು ಎರಡನೇ ಊಟಾನ?'

ಅಪ್ಪ ಕೂತರು. ನನ್ನ ಹತ್ತಿರ ಇನ್ನೂ ಎರಡು ವಾದಗಳಿದ್ದವು, ಬೇಕಾಗಲಿಲ್ಲ.

'ಮುಗಸು' ಎಂದರು ಅಣ್ಣನಿಗೆ.

ಅಣ್ಣ ಅಷ್ಟರಲ್ಲಿ ನಮ್ಮೆಲ್ಲರ ಮೇಲೂ ಬೇಸತ್ತಿದ್ದ. ಮೊದಲಿಂದ ಶುರು ಮಾಡಲಿಲ್ಲ. ನಿಂತಿದ್ದ ನಡುಭಾಗದಿಂದಲೇ ಎತ್ತಿಕೊಂಡ. ನಾನು ಪೆಟ್ಟಿಗೆಯ ಕಡೆ ಕೈ ಚಾಚಿದೆ. ಬೇಡ ಎಂದು ತಲೆ ಅಲ್ಲಾಡಿಸಿದ. ಹಿಂದೆ ಯಾವ ಸಾ ಕೂಡ ಇರಲಿಲ್ಲ. ಒಂದು ತಂತಿ, ಅದರ ಮೇಲೆ ಉಕ್ಕು. ಪೆಟ್ಟಿಗೆ ಇಲ್ಲದಾಗ ಆ ನಡುಭಾಗ ಎಲ್ಲಿಂದಲೋ ಬಂದ ಹಾಗೆ ಕೇಳಿಸಲಿಲ್ಲ, ಅಲ್ಲೇ ಇದ್ದ ಹಾಗೆ ಕೇಳಿಸಿತು. ಬದಲಿಗೆ, ಹಾಡು ಮೊದಲಿನ ಜಾಗಕ್ಕೆ ಮರಳಿದಾಗ ನನ್ನ ಕಿವಿ ತಡವರಿಸಿತು: ಇದು ಯಾರ ಮನೆ? ಸಾಹೇಬರ ಗಡಿಯಾರ ಜಮಖಾನೆಯ ಮೇಲೆ ಬಿದ್ದಿತ್ತು, ಅವರು ನೋಡಲಿಲ್ಲ. ಮಾಸ್ತರು ಯಾವುದನ್ನೂ ತಿದ್ದುವವರ ಹಾಗೆ ಕಾಣಲಿಲ್ಲ.

ಅಣ್ಣ ಕೊನೆಯ ಸ್ವರವನ್ನು ಬಿಟ್ಟು, ಅದು ಆರುವವರೆಗೂ ಉಕ್ಕು ಎತ್ತದೆ ಕೂತ. ಅಪ್ಪ ಕಣ್ಣು ಮುಚ್ಚಿಯೇ ಇದ್ದರು. ಕಾಯುತ್ತಿದ್ದರು.

'ಮುಂದ?'

'ಮುಗೀತ್ರಿ.'

'ಎಲ್ಲಿ ಮುಗೀತು? ಸಾ ಮ್ಯಾಲ ಇಳಿದಿಲ್ಲ ಅದು.'

'ಅದು ಇಳಿಯೂದಿಲ್ರಿ ಅಪ್ಪಾರ. ಅಲ್ಲೇ ಬಿಡತೈತಿ.'

ನಡುಭಾಗ ನಮ್ಮ ಎಲ್ಲ ರವಿವಾರಗಳನ್ನೂ ತಿಂದು ಹಾಕಿತ್ತು. ಹಾಡಿನ ಕೊನೆಯ ಬಗ್ಗೆ ಯಾರೂ ಒಂದು ಮಾತೂ ಆಡಿರಲಿಲ್ಲ. ಅದು ಸಾ ಮೇಲೆ ಬಂದು ನಿಲ್ಲುವುದಿಲ್ಲ, ಒಂದು ಮೆಟ್ಟಿಲು ಮೇಲೇ ನಿಂತುಬಿಡುತ್ತದೆ.

ಅಪ್ಪ ಕಣ್ಣು ತೆಗೆದು ಸಾಹೇಬರ ಕಡೆ ತಿರುಗಿದರು. 'ನೀ ಬಾರಿಸಿದ್ರ ಇಳೀತದೇನು?'

'ಇಲ್ಲೋ. ಸಿಗ್ನಲ್ ಬಿದ್ದಿಲ್ಲ, ಗಾಡಿ ಸ್ಟೇಶನ್ ಹೊರಗ ನಿಂತೈತಿ. ಹಂಗ ಅದು.'

'ನಾ ಬಾರಿಸಿದ್ರ ಇಳೀತದ್ರಿ' ಎಂದರು ಮಾಸ್ತರು. 'ನಾ ತಿದ್ದೇನಿ.'

'ನಿಮ್ಮದು ಬ್ಯಾಡ್ರಿ' ಎಂದರು ಅಪ್ಪ. ಅಣ್ಣನ ಕಡೆ ತಿರುಗಿದರು. 'ಸಾ ಮ್ಯಾಲ ಇಳಿದಿಲ್ಲಂದ್ರ ಮುಗಿದಿಲ್ಲ.'

'ಮುಗದೈತ್ರಿ. ನೀವು ಕಾಯಾಕತ್ತೀರಿ, ಅದು ನಿಮ್ಮ ಮಾತು. ಹಾಡು ತನ್ನ ಮಾತು ಹೇಳಿ ಮುಗಿಸೈತಿ.'

ಅಣ್ಣ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹತ್ತಿಯ ದರದ ಬಗ್ಗೆ ಆಡಿರಲಿಲ್ಲ, ಮದುವೆಯ ಬಗ್ಗೆ ಆಡಿರಲಿಲ್ಲ. ಅಪ್ಪನಿಗೂ ಅದು ಹೊಸದೇ. ಅವರು ಅವನ ಮುಖವನ್ನು ಹತ್ತಿಯ ಎಳೆ ನೋಡುವವರ ಹಾಗೆ ನೋಡಿದರು.

'ಮುಗಿದಿಲ್ಲ' ಎಂದರು ಮತ್ತೆ. 'ಮುಗಿಯೂದ್ರೊಳಗ ನಾ ಏಳೂ ಹಂಗಿಲ್ಲ. ಮಾತು ಕೊಟ್ಟೇನಿ.' ಒಳಗಡೆ ಕತ್ತು ತಿರುಗಿಸಿ, 'ಏ, ಕೇಳಿದೇನ? ನನ್ನ ತಾಟು ಇಲ್ಲೇ ತಗೊಂಡ ಬಾ. ಇವರದೂ ತಾ' ಎಂದರು.

ಹಾಡು ಮುಗಿಯದೆ ಅಪ್ಪ ಏಳುವುದಿಲ್ಲ, ಅಪ್ಪ ಏಳದೆ ಗಿಟಾರು ಹೋಗುವುದಿಲ್ಲ, ಕರಾರಿನ ಪ್ರಕಾರ ಇದರ ಅರ್ಥ ಏನಾಗುತ್ತದೆಂದು ನಾನು ವಿವರಿಸಲು ಹೊರಟೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ರೊಟ್ಟಿ, ಎಣ್ಣೆಗಾಯಿ ಬಂತು. ಅಪ್ಪ ರೊಟ್ಟಿಗೆ ಕೈ ಹಚ್ಚಿ, 'ಆ ಕೊನೀದು ಇನ್ನೊಮ್ಮೆ ಬಾರಿಸು, ಎಲ್ಲಿ ಬಿಡತೈತಿ ನೋಡೂನು' ಎಂದರು. ಅಣ್ಣ ಉಕ್ಕನ್ನು ಅಂಗಿಯ ತುದಿಗೆ ಒರೆಸಿಕೊಂಡು ಬಾರಿಸಿದ. ಅಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿ ರೊಟ್ಟಿ ಮುರಿದರು. ಅಣ್ಣ ಮತ್ತೆ ಬಾರಿಸಿದ.